ಬ್ರೆಡ್ ಮೇಕರಿನಲ್ಲಿ ಕಣಕ, ಓವನ್ನಿನಲ್ಲಿ ಬೇಕಿಂಗ್: ಯಾವ ಮನೆಗೆ ಯಾವ ಕ್ರಮ?

ಬ್ರೆಡ್ ಮೇಕರಿನಿಂದ ಹೊರಬಂದ ಬ್ರೆಡ್ಡನ್ನು ಬೋರಲು ಹಾಕಿದರೆ ತಳದಲ್ಲಿ ಹೆಬ್ಬೆರಳು ತೂರುವಷ್ಟು ಅಗಲದ ಒಂದು ಗುಳಿ ಕಾಣುತ್ತದೆ. ಹಿಟ್ಟನ್ನು ನಾದಿದ ಪ್ಯಾಡಲ್ ಒಳಗೇ ಉಳಿದು ಬ್ರೆಡ್ಡಿನ ಜೊತೆಗೇ ಬೆಂದದ್ದರ ಗುರುತು ಅದು. ಮಗ್ಗುಲುಗಳು ದಪ್ಪವಾಗಿ ಗಾಢ ಕಂದು ಬಣ್ಣಕ್ಕೆ ತಿರುಗಿರುತ್ತವೆ. ನೆತ್ತಿ ಮಾತ್ರ ಹಲವು ಬಾರಿ ಬಿಳಿಚಿಕೊಂಡೇ ಇರುತ್ತದೆ. ಈ ಮೂರಕ್ಕೂ ಕಾರಣ ಒಂದೇ. ನಾದುವುದು, ಉಬ್ಬಿಸುವುದು, ಬೇಯಿಸುವುದು ಎಲ್ಲವೂ ಒಂದೇ ಪುಟ್ಟ ಪಾತ್ರೆಯಲ್ಲಿ, ಒಂದೇ ಸಣ್ಣ ಹೀಟರಿನ ಆಶ್ರಯದಲ್ಲಿ ನಡೆಯುತ್ತವೆ.

ಮನೆಯಲ್ಲಿ ಬ್ರೆಡ್ಡು ಮಾಡಲು ಹೊರಟವರ ಮುಂದೆ ಮುಖ್ಯವಾಗಿ ಮೂರು ಕ್ರಮಗಳಿವೆ. ಎಲ್ಲವನ್ನೂ ಯಂತ್ರಕ್ಕೇ ಒಪ್ಪಿಸುವುದು ಮೊದಲನೆಯದು. ಯಂತ್ರದಲ್ಲಿ ಕಣಕವನ್ನಷ್ಟೇ ಮಾಡಿಸಿ, ಹೊರಗೆ ತೆಗೆದು, ಬೇಕಾದ ಆಕಾರ ಕೊಟ್ಟು ಓವನ್ನಿನಲ್ಲಿ ಬೇಯಿಸುವುದು ಎರಡನೆಯದು. ಯಂತ್ರದ ಹಂಗಿಲ್ಲದೆ ಕೈಯಿಂದಲೋ ಸ್ಟ್ಯಾಂಡ್ ಮಿಕ್ಸರಿನಿಂದಲೋ ನಾದಿ ಓವನ್ನಿಗೆ ಇಡುವುದು ಮೂರನೆಯದು. ಒಂದು ಓಟಿಜಿಯಾದರೂ (ಕಟ್ಟೆಯ ಮೇಲಿಡುವ ಪುಟ್ಟ ಕರೆಂಟ್ ಓವನ್) ಇರುವ ಮನೆಗೆ ಎರಡನೆಯದೇ ಸರಿ ಎಂಬುದು ಹಲವು ವರ್ಷ ಮೂರನ್ನೂ ಮಾಡಿ ನೋಡಿದ ಮೇಲೆ ನಾನು ತಲುಪಿದ ತೀರ್ಮಾನ. ಆದರೆ ಮೊದಲನೆಯದೇ ಹೊಂದುವ ಮನೆಗಳೂ ಉಂಟು; ಅವನ್ನು ಮುಂದೆ ಹೇಳುತ್ತೇನೆ. ಇಲ್ಲಿ ‘ಹಿಟ್ಟು’ ಎಂದರೆ ಒಣ ಹಿಟ್ಟು, ‘ಕಣಕ’ ಎಂದರೆ ನೀರು ಹಾಕಿ ನಾದಿದ್ದು. ಹೋಳಿಗೆ ಮಾಡುವವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರಕ್ಕೆ ನಿಜವಾಗಿ ಒಲಿದ ಕೆಲಸ

ಜಪಾನಿನ ಒಸಾಕಾದ ಮಟ್ಸುಶಿತಾ ಎಲೆಕ್ಟ್ರಿಕ್ ಸಂಸ್ಥೆ, ಅಂದರೆ ಈಗಿನ ಪ್ಯಾನಸೋನಿಕ್, 1985ರ ಸುಮಾರಿಗೆ ಮನೆಬಳಕೆಯ ಬ್ರೆಡ್ ಯಂತ್ರವನ್ನು ರೂಪಿಸುವಾಗ ಎದುರಿಸಿದ ತೊಡಕು ಕುತೂಹಲಕರವಾದದ್ದು. ಅವರ ಬ್ರೆಡ್ಡು ಹೊರಗೆ ಸೀದುಹೋಗುತ್ತಿತ್ತು, ಒಳಗೆ ಹಸಿಯಾಗಿಯೇ ಉಳಿಯುತ್ತಿತ್ತು. ಯಂತ್ರ ನಾದಿದ ಕಣಕವನ್ನೂ ನುರಿತ ಬೇಕರಿಯವರು ನಾದಿದ ಕಣಕವನ್ನೂ ಎಕ್ಸ್-ರೇ ತೆಗೆದು ಹೋಲಿಸಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ತಜ್ಞೆ ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬೇಕರ್ ಬಳಿ ಶಿಷ್ಯವೃತ್ತಿಗೆ ನಿಂತರು. ಆತ ಕಣಕವನ್ನು ಬರಿದೇ ಒತ್ತುತ್ತಿರಲಿಲ್ಲ, ತಿರುಚುತ್ತ ಎಳೆಯುತ್ತಿದ್ದ ಎಂಬುದನ್ನು ಅವರು ಗಮನಿಸಿದರು. ಅದೇ ಎಳೆತ ಯಂತ್ರದಲ್ಲೂ ಸಿಗಲೆಂದು ಒಳಗೆ ವಿಶೇಷ ಏಣುಗಳನ್ನು ಸೇರಿಸಲಾಯಿತು. ಬೇಯುವಿಕೆಯ ದೋಷವೆಂದು ಕಂಡದ್ದಕ್ಕೆ ಪರಿಹಾರ ಸಿಕ್ಕಿದ್ದು ನಾದುವಿಕೆಯಲ್ಲಿ. ಹುಟ್ಟಿನಿಂದಲೇ ಇದು ನಾದುವ ಯಂತ್ರ; ಓವನ್ನಿನ ಕೆಲಸ ಅದಕ್ಕೆ ತಗುಲಿದ ಎರಡನೆಯ ಹೊಣೆ.

ನಾದುವಿಕೆಯಿಂದ ಆಗುವುದೇನೆಂದು ತಿಳಿಯಲು ಹೋಳಿಗೆಯ ಕಣಕವನ್ನು ನೆನೆದರೆ ಸಾಕು. ಮೈದಾ ಅಥವಾ ಚಿರೋಟಿ ರವೆಯನ್ನು ಸಡಿಲವಾಗಿ ಕಲಸಿ, ಎಣ್ಣೆ ಬಿಟ್ಟು ಮತ್ತೆ ಮತ್ತೆ ನಾದಿ, ಗಂಟೆಗಟ್ಟಲೆ ನೆನೆಯಲು ಬಿಟ್ಟರೆ ಅದು ಎಳೆದಷ್ಟೂ ಹಿಗ್ಗುತ್ತದೆ, ಹರಿಯುವುದಿಲ್ಲ. ಗೋಧಿಯ ಪ್ರೋಟೀನು ನೀರು ಕುಡಿದು ಗ್ಲುಟೆನ್ ಎಂಬ ಜಾಲವಾಗಿ ಹೆಣೆದುಕೊಳ್ಳುವುದೇ ಅದಕ್ಕೆ ಕಾರಣ. ಬ್ರೆಡ್ಡಿನಲ್ಲಿ ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಡಬೇಕಾದದ್ದೂ ಇದೇ ಜಾಲ. ನಿಂಬೆ ಗಾತ್ರದ ಕಣಕವನ್ನು ಬೆರಳುಗಳ ನಡುವೆ ಮೆಲ್ಲಗೆ ಹಿಗ್ಗಿಸಿದಾಗ, ಹರಿಯದೆ, ಬೆಳಕು ತೋರುವಷ್ಟು ತೆಳುವಾದ ಪೊರೆಯಾದರೆ ನಾದಿದ್ದು ಸಾಕಾಗಿದೆ. ಯಂತ್ರ ಇಪ್ಪತ್ತು–ಇಪ್ಪತ್ತೈದು ನಿಮಿಷಗಳಲ್ಲಿ, ಯಾರ ರಟ್ಟೆಯನ್ನೂ ದಣಿಸದೆ, ಈ ಹದಕ್ಕೆ ತರುತ್ತದೆ. ಅನಂತರ ಸುಮಾರು ಒಂದು ಗಂಟೆ ಕಾಲ ಕಣಕವನ್ನು ಹಿತವಾದ ಬಿಸುಪಿನಲ್ಲಿ ಇಟ್ಟಿರುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಾಗಲಿ, ಚಳಿದೇಶಗಳಿಗೆ ಹೋಗಿ ನೆಲೆಸಿದ ನಮ್ಮವರ ಮನೆಗಳಲ್ಲಾಗಲಿ, ಇಡ್ಲಿ ಹಿಟ್ಟು ಉಬ್ಬದೆ ಒದ್ದಾಡುವ ದಿನಗಳಲ್ಲಿ ಈ ಬಿಸುಪಿನ ಬೆಲೆ ತಿಳಿಯುತ್ತದೆ.

ಅದೇ ಯಂತ್ರ ಓವನ್ನಾಗಿ ಸೋಲುವುದೆಲ್ಲಿ

ಒಳ್ಳೆಯ ಬ್ರೆಡ್ಡಿಗೆ ಮೊದಲ ಹತ್ತು ನಿಮಿಷಗಳ ಶಾಖ ಬಹು ಮುಖ್ಯ. ಮೊದಲೇ ಕಾಯಿಸಿಟ್ಟ ಓವನ್ನಿಗೆ ಕಣಕ ಹೋದೊಡನೆ ಅದರೊಳಗಿನ ಗಾಳಿ ಹಿಗ್ಗುತ್ತದೆ, ನೀರಿನಂಶ ಆವಿಯಾಗುತ್ತದೆ, ಯೀಸ್ಟ್ ಸಾಯುವ ಮುನ್ನ ಕೊನೆಯದಾಗಿ ಒಮ್ಮೆ ಚುರುಕಾಗುತ್ತದೆ. ಇವೆಲ್ಲ ಸೇರಿ ಬ್ರೆಡ್ಡನ್ನು ಮೇಲಕ್ಕೆ ನೆಗೆಸುತ್ತವೆ. ಬ್ರೆಡ್ ಮೇಕರ್ ಮುಂಚಿತವಾಗಿ ಕಾದಿರುವುದಿಲ್ಲ. ಕಣಕ ಉಬ್ಬುತ್ತಿದ್ದ ಬೆಚ್ಚಗಿನ ಕೋಣೆಯೇ ನಿಧಾನವಾಗಿ ಬಿಸಿಯೇರುತ್ತದೆ, ಹೀಗಾಗಿ ಆ ನೆಗೆತ ಅಷ್ಟಾಗಿ ಸಿಗುವುದಿಲ್ಲ. ಹೀಟರು ಪಾತ್ರೆಯ ಬುಡದ ಸುತ್ತ ಇರುವುದರಿಂದ ಲೋಹಕ್ಕೆ ತಾಗಿಕೊಂಡ ಮಗ್ಗುಲುಗಳು ಇಡೀ ಹೊತ್ತು ಬೇಯುತ್ತ ದಪ್ಪಗಾಗುತ್ತವೆ, ಮುಚ್ಚಳದ ಕೆಳಗಿನ ನೆತ್ತಿಗೆ ನೇರ ಶಾಖವಿರುವುದಿಲ್ಲ. ಬೆಂದ ಬ್ರೆಡ್ಡನ್ನು ಪಾತ್ರೆಯಲ್ಲೇ ಬಿಟ್ಟರೆ ಅದರ ಆವಿಗೆ ಅದೇ ಒದ್ದೆಯಾಗುತ್ತದೆ. ಆಕಾರವಂತೂ ಪಾತ್ರೆ ಕೊಟ್ಟದ್ದೇ: ಒಂದು ಡಬ್ಬಿ. ಪಾವ್, ಬನ್, ಪಿಜ್ಜಾ, ಜಡೆ ಹೆಣೆದ ಬ್ರೆಡ್ಡು ಇವು ಯಾವುವೂ ಅದರಲ್ಲಿ ಆಗುವುದಿಲ್ಲ.

ಕಣಕ ಯಂತ್ರದ್ದು, ಬೇಯುವುದು ಓವನ್ನಿನಲ್ಲಿ

ನಾನು ಬಳಸುವ ಅಳತೆ ಹೀಗಿದೆ: 500 ಗ್ರಾಂ ಮೈದಾ, 310 ಗ್ರಾಂ ನೀರು, 9 ಗ್ರಾಂ ಉಪ್ಪು, 20 ಗ್ರಾಂ ಸಕ್ಕರೆ, 25 ಗ್ರಾಂ ಎಣ್ಣೆ ಅಥವಾ ಬೆಣ್ಣೆ, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್. ನೀರನ್ನೂ ತಕ್ಕಡಿಯಲ್ಲೇ ತೂಗುವುದು ಒಳ್ಳೆಯದು. ಯಂತ್ರದ ಜೊತೆ ಬರುವ ಪುಸ್ತಿಕೆಗಳಲ್ಲಿನ ಕಪ್ಪುಗಳ ಲೆಕ್ಕ ಬೇರೆ ದೇಶದ, ಹೆಚ್ಚು ಪ್ರೋಟೀನಿರುವ ಬ್ರೆಡ್ ಹಿಟ್ಟಿಗೆ ಹಾಕಿದ್ದಾಗಿರಬಹುದು. ನಮ್ಮ ಅಂಗಡಿಯ ಮೈದಾ ಸಾಮಾನ್ಯವಾಗಿ ಅಷ್ಟು ನೀರು ಹೀರುವುದಿಲ್ಲ. ಕೈಯಿಂದ ಆಕಾರ ಕೊಡಬೇಕಾದ ಕಣಕವು ಯಂತ್ರದಲ್ಲೇ ಬೇಯುವ ಕಣಕಕ್ಕಿಂತ ತುಸು ಗಟ್ಟಿಯಾಗಿರಬೇಕಾದ್ದರಿಂದ, ಯಂತ್ರದ ಅಳತೆಯನ್ನೇ ಅನುಸರಿಸುವವರು ಒಂದು ಚಮಚ ನೀರನ್ನು ಹಿಂದೆ ಉಳಿಸಿಕೊಂಡು ಆರಂಭಿಸಬೇಕು.

ಗುಂಡಿ ಒತ್ತಿ ಹೊರಟುಬಿಡುವುದು ಈ ಕ್ರಮದಲ್ಲಿ ಸಲ್ಲದು. ಐದನೆಯ ನಿಮಿಷದಿಂದ ಎಂಟನೆಯ ನಿಮಿಷದವರೆಗೆ ಮುಚ್ಚಳ ತೆರೆದು ನೋಡುತ್ತಿರಬೇಕು. ನಾದುವಾಗ ಮುಚ್ಚಳ ತೆರೆದರೆ ಏನೂ ಕೆಡುವುದಿಲ್ಲ. ಕಣಕವು ಪಾತ್ರೆಯ ಗೋಡೆ ಬಿಟ್ಟು ಒಂದೇ ಉಂಡೆಯಾಗಿ, ಬುಡದಲ್ಲಿ ಮಾತ್ರ ಸ್ವಲ್ಪ ಅಂಟಿಕೊಂಡು ಸುತ್ತುತ್ತಿದ್ದರೆ ಹದ ಸರಿಯಿದೆ. ಗೋಡೆಗೆ ಬಳಿದುಕೊಂಡು ಕೆಸರಿನಂತಿದ್ದರೆ ಒಂದು ಚಮಚ ಹಿಟ್ಟು, ತುಂಡು ತುಂಡಾಗಿ ಲಟಲಟ ಸದ್ದು ಮಾಡುತ್ತಿದ್ದರೆ ಒಂದು ಚಮಚ ನೀರು. ಒಂದು ಚಮಚ ಹಾಕಿ ಒಂದು ನಿಮಿಷ ಕಾಯಬೇಕು. ಇಲ್ಲಿ ಅವಸರ ಮಾಡಿ ಎರಡೂ ಕಡೆ ತೂಗಾಡಿದರೆ ಕೊನೆಗೆ ಪಾತ್ರೆಗೆ ಮೀರಿದ ಕಣಕವೊಂದೇ ಉಳಿಯುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ಎಚ್ಚರ ಬೇಕು. ಕಣಕದ ಬಿಸಿ ನಾದಿ ಮುಗಿದಾಗ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ನಾದುವ ತಿಕ್ಕಾಟವೇ ಅದನ್ನು ಹಲವು ಡಿಗ್ರಿ ಏರಿಸುತ್ತದೆ. ಅದರ ಮೇಲೆ ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಗಳ ಸೆಕೆಯೂ ಸೇರಿದರೆ ಕಣಕ ಹೊತ್ತಿಗೆ ಮುಂಚೆ ಉಬ್ಬಿ, ಹುಳಿ ವಾಸನೆ ಬಂದು, ಓವನ್ನಿನಲ್ಲಿ ಕುಸಿಯುತ್ತದೆ. ಅಂಥ ದಿನಗಳಲ್ಲಿ ಫ್ರಿಜ್ಜಿನ ನೀರು ಬಳಸಿ ಯೀಸ್ಟನ್ನು 3 ಗ್ರಾಮಿಗೆ ಇಳಿಸುತ್ತೇನೆ. ನಾದಿ ಮುಗಿದೊಡನೆ ಯಂತ್ರವನ್ನು ನಿಲ್ಲಿಸಿ, ಕಣಕವನ್ನು ಎಣ್ಣೆ ಸವರಿದ ಪಾತ್ರೆಗೆ ಹಾಕಿ ಹೊರಗೇ ಉಬ್ಬಿಸುವುದೂ ಉಂಟು. ಚಳಿಯಲ್ಲಿ ವರವಾದ ಬಿಸುಪು ಬೇಸಿಗೆಯಲ್ಲಿ ಬೇಡವಾಗುತ್ತದೆ.

ಯಂತ್ರ ಕೂಗಿದ ಕೂಡಲೇ ಕಣಕವನ್ನು ಹೊರತೆಗೆಯಬೇಕು. ಪ್ಯಾಡಲ್ ಅದರೊಳಗೆ ಹುದುಗಿ ಬಂದಿದೆಯೇ ಎಂದು ನೋಡಿಕೊಳ್ಳದವರು ಒಮ್ಮೆಯಾದರೂ ಪ್ಯಾಡಲನ್ನೇ ಬ್ರೆಡ್ಡಿನಲ್ಲಿಟ್ಟು ಬೇಯಿಸಿರುತ್ತಾರೆ. ಕಣಕವನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಗಾಳಿ ಹೊರಡಿಸಿ, ಆಯತವಾಗಿ ತಟ್ಟಿ, ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿ, ಅಂಚನ್ನು ಚಿವುಟಿ ಕೂಡಿಸಿ, ಆ ಅಂಚು ಕೆಳಗಾಗುವಂತೆ ಟಿನ್ನಿನಲ್ಲಿಡಬೇಕು. ಮೇಲಿನ ಅಳತೆಯಲ್ಲಿ ಸುಮಾರು 870 ಗ್ರಾಂ ಕಣಕ ಆಗುತ್ತದೆ. ಅದಕ್ಕೆ 9 ಇಂಚು ಉದ್ದ, 5 ಇಂಚು ಅಗಲದ ಟಿನ್ನು ಸಾಕು. ಎರಡನೆಯ ಸಲ ಉಬ್ಬಲು ಮುಕ್ಕಾಲು ಗಂಟೆ ಹಿಡಿಯಬಹುದು, ಸೆಕೆಯಲ್ಲಿ ಅರ್ಧ ಗಂಟೆಯಷ್ಟೇ. ಗಡಿಯಾರಕ್ಕಿಂತ ಬೆರಳನ್ನು ನಂಬುವುದು ಲೇಸು: ಹಿಟ್ಟು ಸವರಿದ ಬೆರಳಿನಿಂದ ಒತ್ತಿದ ಗುಳಿ ಥಟ್ಟನೆ ತುಂಬಿಕೊಂಡರೆ ಇನ್ನೂ ಹೊತ್ತು ಬೇಕು, ನಿಧಾನವಾಗಿ ಅರ್ಧ ತುಂಬಿದರೆ ಓವನ್ನಿಗೆ ಸಿದ್ಧ, ತುಂಬದೆ ಹಾಗೇ ಉಳಿದರೆ ತಡವಾಗಿದೆ.

ಓಟಿಜಿಯನ್ನು 200 ಡಿಗ್ರಿಗೆ ಇಟ್ಟು ಕನಿಷ್ಠ ಹದಿನೈದು ನಿಮಿಷ ಕಾಯಿಸಿ, ಮೇಲಿನ ಮತ್ತು ಕೆಳಗಿನ ಎರಡೂ ರಾಡುಗಳನ್ನು ಉರಿಸಿ, ಟಿನ್ನನ್ನು ಕೆಳಗಿನ ಹಂತದಲ್ಲಿಡಬೇಕು. ಚಿಕ್ಕ ಓಟಿಜಿಗಳಲ್ಲಿ ಉಬ್ಬಿದ ಬ್ರೆಡ್ಡಿನ ನೆತ್ತಿ ಮೇಲಿನ ರಾಡಿಗೆ ತೀರ ಹತ್ತಿರ ಬರುತ್ತದೆ. ಇಪ್ಪತ್ತನೆಯ ನಿಮಿಷಕ್ಕೆ ಬಣ್ಣ ನೋಡಿ ಮೇಲೊಂದು ಫಾಯಿಲ್ ಹಾಳೆ ಹೊದಿಸಿದರೆ ಸೀಯುವುದಿಲ್ಲ. ಒಟ್ಟು ಮೂವತ್ತರಿಂದ ಮೂವತ್ತೈದು ನಿಮಿಷ ಸಾಕು. ಗುಬುಟಿನ ಮೇಲೆ ಬರೆದ ಡಿಗ್ರಿಗೂ ಒಳಗಿನ ಶಾಖಕ್ಕೂ ಹತ್ತಿಪ್ಪತ್ತು ಡಿಗ್ರಿ ಅಂತರವಿರುವುದು ಸಾಮಾನ್ಯ, ಆದ್ದರಿಂದ ಒಳಗಿಡುವ ಓವನ್ ಥರ್ಮಾಮೀಟರ್ ಒಳ್ಳೆಯ ಖರ್ಚು. ಬ್ರೆಡ್ಡಿಗೆ ಚುಚ್ಚಿ ನೋಡುವ ಥರ್ಮಾಮೀಟರ್ ಇದ್ದವರು ಒಂದು ಸಂಗತಿಯನ್ನು ನೆನಪಿಡಬೇಕು. ಕೆಲವು ವಿದೇಶೀ ಪಾಕಗಳು ಒಳಶಾಖ 98 ಡಿಗ್ರಿಗೆ ಬರಲಿ ಎನ್ನುತ್ತವೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರೇ ಸುಮಾರು 97 ಡಿಗ್ರಿಗೆ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಕಡಿಮೆಗೆ. ಆ ಅಂಕಿಗಾಗಿ ಕಾಯುತ್ತ ಕುಳಿತರೆ ಬ್ರೆಡ್ಡು ರಸ್ಕಾಗುತ್ತದೆ. 92–93 ಬಂದರೆ ತೆಗೆಯಬಹುದು.

ಈ ಕ್ರಮದ ಸೊಗಸು ನಿಜವಾಗಿ ಕಾಣುವುದು ಡಬ್ಬಿಯಾಕಾರದ ಬ್ರೆಡ್ಡಿನಲ್ಲಲ್ಲ, ಖಾರಾ ಬನ್ನಿನಲ್ಲಿ. ಅಯ್ಯಂಗಾರ್ ಬೇಕರಿಯ ಖಾರಾ ಬನ್ ತಿಂದು ಬೆಳೆದವರಿಗೆ ಅದರ ಹದ ಗೊತ್ತಿದೆ: ಮೇಲೆ ಕೆಂಪಗೆ ಹೊಳಪು, ಒಳಗೆ ಹತ್ತಿಯಂಥ ಮೆತುವು, ಕಚ್ಚಿದಲ್ಲಿ ಹಸಿಮೆಣಸಿನಕಾಯಿಯ ಚೂರು. ಇದನ್ನು ಯಂತ್ರದ ಪೂರ್ಣ ಕಾರ್ಯಕ್ರಮದಲ್ಲಿ ಮಾಡಹೊರಟರೆ ಪ್ಯಾಡಲ್ ಈರುಳ್ಳಿಯನ್ನು ಜಜ್ಜಿ ನೀರು ಬಿಡಿಸುತ್ತದೆ, ಸಬ್ಬಸಿಗೆ ಸೊಪ್ಪು ಅರೆದು ಇಡೀ ಕಣಕ ಹಸಿರು ತಿರುಗುತ್ತದೆ. ಕಣಕವನ್ನಷ್ಟೇ ಯಂತ್ರದಲ್ಲಿ ಮಾಡಿ, ಹೊರತೆಗೆದು ತಟ್ಟಿದ ಮೇಲೆ, ಬಾಡಿಸಿ ಆರಿಸಿದ ಈರುಳ್ಳಿ, ಹೆಚ್ಚಿದ ಹಸಿಮೆಣಸಿನಕಾಯಿ, ಕರಿಬೇವು, ಸಬ್ಬಸಿಗೆಯನ್ನು ಹರಡಿ ಮಡಚಿ ಉಂಡೆ ಮಾಡಿದರೆ ಚೂರುಗಳು ಚೂರುಗಳಾಗಿಯೇ ಉಳಿಯುತ್ತವೆ. ತಲಾ 70 ಗ್ರಾಮಿನಂತೆ ಹನ್ನೆರಡು ಉಂಡೆಗಳಾಗುತ್ತವೆ. ಹಾಲು ಸವರಿ 190 ಡಿಗ್ರಿಯಲ್ಲಿ ಹದಿನೈದು–ಹದಿನೆಂಟು ನಿಮಿಷ ಬೇಯಿಸಿ, ಹೊರತೆಗೆದೊಡನೆ ಬೆಣ್ಣೆ ಒರೆಸಬೇಕು.

ಗೋಧಿ ಹಿಟ್ಟಿನ ವಿಷಯ ಬೇರೆ

ಚಕ್ಕಿಯಲ್ಲಿ ಬೀಸಿದ ಹಿಟ್ಟು ಮೈದಾಗಿಂತ ಹೆಚ್ಚು ನೀರು ಕುಡಿಯುತ್ತದೆ, 500 ಗ್ರಾಮಿಗೆ 350ರಿಂದ 375 ಗ್ರಾಂ ಬೇಕಾಗಬಹುದು. ಆದರೆ ಆ ನೀರನ್ನು ಹೀರಲು ಅದಕ್ಕೆ ಸಮಯ ಬೇಕು, ಮತ್ತು ಅದರ ಹೊಟ್ಟಿನ ಚೂರುಗಳು ಗ್ಲುಟೆನ್ ಎಳೆಗಳನ್ನು ಕತ್ತರಿಸುತ್ತವೆ. ಯಂತ್ರದ ನಿಗದಿತ ಕಾರ್ಯಕ್ರಮ ಇದನ್ನು ಅರಿಯದು. ಐದು ನಿಮಿಷ ಕಲಸಲು ಬಿಟ್ಟು, ನಿಲ್ಲಿಸಿ, ಅರ್ಧ ಗಂಟೆ ಹಾಗೇ ನೆನೆಯಲು ಬಿಟ್ಟು, ಮತ್ತೆ ಮೊದಲಿನಿಂದ ಕಣಕದ ಕಾರ್ಯಕ್ರಮ ಹಾಕುವುದು ನಾನು ಕಂಡುಕೊಂಡ ಉಪಾಯ. ಚಪಾತಿ ಹಿಟ್ಟನ್ನು ಕಲಸಿ ಮುಚ್ಚಿಡುವವರಿಗೆ ಇದು ಹೊಸದೇನೂ ಅಲ್ಲ. ಆಗಲೂ ಪೂರ್ತಿ ಗೋಧಿಯ ಬ್ರೆಡ್ಡು ಮೈದಾದಷ್ಟು ಎತ್ತರಕ್ಕೆ ಏರದು. ಅರ್ಧಕ್ಕರ್ಧ ಬೆರೆಸುವುದು ಮಧ್ಯಮ ಮಾರ್ಗ. ಉತ್ತರ ಕರ್ನಾಟಕದ ಜವೆ ಗೋಧಿಯ ಗ್ಲುಟೆನ್ ಇನ್ನೂ ಮೆದು, ಅದರ ಸೊಗಸು ಮಾದಲಿ ಎಂಬ ಸಿಹಿಯಲ್ಲಿದೆ, ಬ್ರೆಡ್ಡಿನಲ್ಲಲ್ಲ. ರಾಗಿಯಲ್ಲಿ ಗ್ಲುಟೆನ್ನೇ ಇಲ್ಲವಾದ್ದರಿಂದ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಸೇರಿಸಿದರೆ ಬ್ರೆಡ್ಡು ಇಟ್ಟಿಗೆಯಾಗುತ್ತದೆ.

ಎಲ್ಲವನ್ನೂ ಯಂತ್ರಕ್ಕೇ ಬಿಡಬೇಕಾದವರು

ಮೊದಲ ಕ್ರಮಕ್ಕೆ ಸಾಟಿಯಿಲ್ಲದ ಒಂದು ಗುಣವಿದೆ: ಅದಕ್ಕೆ ನೀವು ಬೇಕಾಗಿಲ್ಲ. ರಾತ್ರಿ ಟೈಮರ್ ಹಾಕಿ ಮಲಗಿದರೆ ಬೆಳಗ್ಗೆ ಆರಕ್ಕೆ ಮನೆಯೆಲ್ಲ ಬ್ರೆಡ್ಡಿನ ಪರಿಮಳ. ಓವನ್ನಿನ ಕ್ರಮದಲ್ಲಿ ಯಂತ್ರ ಕೂಗಿದ ಮೇಲೂ ಸುಮಾರು ಒಂದೂವರೆ ಗಂಟೆ ಮನೆಯಲ್ಲೇ ಇರಬೇಕು. ಶಾಲೆ, ಕಚೇರಿಗಳ ಗಡಿಬಿಡಿಯಲ್ಲಿ ಅದು ವಾರದ ದಿನಗಳಿಗೆ ಹೊಂದದು. ದಿನವೂ ಟೋಸ್ಟಿಗಷ್ಟೇ ಬ್ರೆಡ್ಡು ಬೇಕಾದವರು, ಓವನ್ ಇಡಲು ಜಾಗವಿಲ್ಲದವರು, ಒಲೆಯ ಬಿಸಿ ತಾಳಲಾಗದ ವಯಸ್ಸಾದವರು ಮೊದಲ ಕ್ರಮದಲ್ಲೇ ಉಳಿಯುವುದು ಲೇಸು. ಟೈಮರ್ ಹಾಕುವಾಗ ಹಾಲು, ಮೊಟ್ಟೆ ಬೇಡ. ನೀರಿನೊಂದಿಗೆ ಹಾಲಿನ ಪುಡಿ ಸೇರಿಸಬಹುದು. ಯೀಸ್ಟ್ ನೀರಿಗೆ ತಾಗದಂತೆ ಹಿಟ್ಟಿನ ಮೇಲೆ ಉಳಿಯಬೇಕು. ಇವರಿಗೂ ಒಂದು ಅರೆಪರಿಹಾರವಿದೆ: ಕೊನೆಯ ಸಲ ಉಬ್ಬುವ ಮುನ್ನ ಮನೆಯಲ್ಲಿದ್ದರೆ ಕಣಕವನ್ನು ಎತ್ತಿ ಪ್ಯಾಡಲನ್ನು ಕಿತ್ತು ಮತ್ತೆ ಇಟ್ಟರೆ ತಳದ ಗುಳಿ ಬಹಳ ಕಿರಿದಾಗುತ್ತದೆ.

ಕರೆಂಟಿನ ಲೆಕ್ಕದಲ್ಲೂ ಮೊದಲ ಕ್ರಮವೇ ಅಗ್ಗ. ಯಂತ್ರವೊಂದರಲ್ಲೇ ಮುಗಿಸಿದರೆ ಅರ್ಧ ಯೂನಿಟ್ಟಿನೊಳಗೆ ಆಗುತ್ತದೆ. 1500 ವಾಟಿನ ಓಟಿಜಿಯನ್ನು ಕಾಯಿಸಿ ಬೇಯಿಸಿದರೆ ಸುಮಾರು ಅದರ ಎರಡರಷ್ಟು ಬೀಳುತ್ತದೆ. ಒಮ್ಮೆ ಕಾಯಿಸಿದ ಓವನ್ನಿನಲ್ಲಿ ಎರಡು ಟಿನ್ನು ಇಟ್ಟರೆ ಈ ಅಂತರ ಕರಗುತ್ತದೆ. 1500 ವಾಟಿನ ಓಟಿಜಿಗೆ ಅಡುಗೆಮನೆಯ ಚಿಕ್ಕ 6 ಆಂಪಿಯರ್ ಪ್ಲಗ್ಗು ಸಾಲದು, 16 ಆಂಪಿಯರಿನದೇ ಬೇಕು. ಆದರೆ ಕರೆಂಟು ಹೋದಾಗ ಲೆಕ್ಕ ತಿರುಗಿಬೀಳುತ್ತದೆ. ಬಹಳಷ್ಟು ಯಂತ್ರಗಳು ಕೆಲವೇ ನಿಮಿಷಗಳ ವ್ಯತ್ಯಯವನ್ನಷ್ಟೇ ಸಹಿಸಿ, ಆಮೇಲೆ ತಾವು ಎಲ್ಲಿದ್ದೆವೆಂಬುದನ್ನೇ ಮರೆತುಬಿಡುತ್ತವೆ. ಅರ್ಧ ಬೆಂದ ಬ್ರೆಡ್ಡಿಗೆ ಮತ್ತೆ ದಾರಿಯಿಲ್ಲ. ಕಣಕದ ಹಂತದಲ್ಲಿ ಹೋದರೆ ಚಿಂತೆಯಿಲ್ಲ, ಅದು ಇದ್ದಲ್ಲೇ ಉಬ್ಬುತ್ತಿರುತ್ತದೆ.

ಕೈ, ಮಿಕ್ಸರು, ಮೈಕ್ರೋವೇವು

ವಾರಕ್ಕೊಮ್ಮೆ ಮಾತ್ರ ಬ್ರೆಡ್ಡು ಮಾಡುವ, ರಟ್ಟೆಯಲ್ಲಿ ಕಸುವಿರುವವರಿಗೆ ಯಂತ್ರವೇ ಬೇಡ. ಹತ್ತು ಹನ್ನೆರಡು ನಿಮಿಷ ನಾದಿದರೆ ಕೈಗೂ ಅದೇ ಪೊರೆ ಸಿಗುತ್ತದೆ. ಕೇಕು, ಕುಕೀಸುಗಳನ್ನೂ ಮಾಡುವವರು ಸ್ಟ್ಯಾಂಡ್ ಮಿಕ್ಸರ್ ಕೊಳ್ಳಬಹುದು, ಆದರೆ ಅದಕ್ಕೆ ಬಿಸುಪು ಕಾಯ್ದುಕೊಳ್ಳುವ ಗುಣವಿಲ್ಲ. ಕನ್ವೆಕ್ಷನ್, ಅಂದರೆ ಬಿಸಿಗಾಳಿ ಸುತ್ತಿಸಿ ಬೇಯಿಸುವ ವ್ಯವಸ್ಥೆ, ಇರುವ ಮೈಕ್ರೋವೇವಿನಲ್ಲಿ ಬನ್ನುಗಳು ಚೆನ್ನಾಗಿಯೇ ಬರುತ್ತವೆ. ಕನ್ವೆಕ್ಷನ್ ಇಲ್ಲದ್ದು ಬ್ರೆಡ್ಡಿಗೆ ಪ್ರಯೋಜನವಿಲ್ಲ.

ಓವನ್ನಿನಲ್ಲಿ ಬೇಯಿಸುವ ಕಣಕದ ಸಲುವಾಗಿಯೇ ಯಂತ್ರ ಕೊಳ್ಳುವುದಾದರೆ ನೋಡಬೇಕಾದದ್ದು ಬೇಕಿಂಗಿನ ಹದಿನೈದು ಬಗೆಯ ಕಾರ್ಯಕ್ರಮಗಳನ್ನಲ್ಲ. ಕಣಕ ಮಾತ್ರ ಮಾಡುವ ಕಾರ್ಯಕ್ರಮ ಇದೆಯೇ, ಅದರಲ್ಲಿ 500 ಗ್ರಾಂ ಹಿಟ್ಟು ಹಿಡಿಯುತ್ತದೆಯೇ, ಪ್ಯಾಡಲ್ ಮತ್ತು ಪಾತ್ರೆ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಬೇಕು, ಏಕೆಂದರೆ ಮೊದಲು ಸವೆಯುವುದು ಪಾತ್ರೆಯ ತಳದ ಬೇರಿಂಗು. ತೂಕವಾದ ಯಂತ್ರ, ಹಿಡಿತವಿರುವ ರಬ್ಬರ್ ಕಾಲುಗಳು ಕೂಡ ಮುಖ್ಯ. ನಮ್ಮ ಮನೆಯ ಮೊದಲ ಯಂತ್ರ ಹಗುರವಾದದ್ದು. ನೀರು ಸಾಲದ ಗೋಧಿ ಕಣಕವನ್ನು ನಾದುತ್ತ ಅದು ನುಣುಪಾದ ಗ್ರಾನೈಟ್ ಕಟ್ಟೆಯ ಮೇಲೆ ಗೇಣು ಗೇಣಾಗಿ ನಡೆದು ಅಂಚಿನಿಂದ ಕೆಳಗೆ ಬಿತ್ತು. ಮುಚ್ಚಳದ ಕೀಲು ಮುರಿಯಿತು, ಕಣಕಕ್ಕೆ ಏನೂ ಆಗಲಿಲ್ಲ. ಅದನ್ನು ಕೈಯಿಂದ ನಾದಿ ಓವನ್ನಿನಲ್ಲಿ ಬೇಯಿಸಿದೆವು. ಈಗಿನ ಯಂತ್ರದ ಕೆಳಗೆ ಒದ್ದೆ ಬಟ್ಟೆಯ ಮಡಿಕೆಯೊಂದನ್ನು ಹಾಸಿರುತ್ತೇನೆ.